ಡಬ್ಬಿ ತೊಳೆದು ಕಳಿಸು

ಶಹಾಪುರ
12 ಆಗಸ್ಟ್ 2024

ನಾಗರತ್ನಾ,

ಕ್ಷೇಮ ವಿಚಾರಿಸಿ ಪತ್ರ ಶುರು ಮಾಡುವ ರೂಢಿ ನನಗಿಲ್ಲ. ನೀನು ಕ್ಷೇಮವಾಗಿಯೇ ಇದ್ದೀ. ನಿನ್ನೆ ಯಾದಗಿರಿಯಿಂದ ವಾಪಸ್ ಬಂದ ಬುತ್ತಿ ಡಬ್ಬಿಯಲ್ಲಿ ರೊಟ್ಟಿಯ ಚೂರೂ ಉಳಿದಿರಲಿಲ್ಲ. ತೊಳೆದಿರಲೂ ಇಲ್ಲ.

ಫೋನ್ ಇರುವಾಗ ಅತ್ತಿ ಯಾಕೆ ಕಾಗದ ಬರೆಯುತ್ತಾಳೆ ಎಂದು ಕೇಳಿದ್ದೀ. ಮನೆಯ ಫೋನು ನನ್ನ ಮಗ ಸಂಗಮನಾಥನ ಕೈಯಲ್ಲಿರುತ್ತದೆ. ನಾನು ಆಡಿದ್ದೆಲ್ಲ ಅವನ ಕಿವಿಗೆ. ಮೇಲಾಗಿ ಫೋನಿನಲ್ಲಿ ಬೈದರೆ ನೀನು "ಅತ್ತಿ, ಕೇಳಸವಲ್ದು" ಎಂದು ಕಟ್ ಮಾಡುತ್ತೀ. ಕಾಗದದಲ್ಲಿ ಬೈದರೆ ಕೊನೆಯ ತನಕ ಓದಲೇಬೇಕು. ರೊಟ್ಟಿ ಕಟ್ಟುವ ಬಟ್ಟೆಯ ಮಡಿಕೆಯಲ್ಲಿ ಇಡುತ್ತೇನೆ, ಕಂಡಕ್ಟರ್ ತೌಫೀಕ್ ತಂದುಕೊಡುತ್ತಾನೆ. ಅಂಚೆಯವನಿಗಿಂತ ಅವನು ವಾಸಿ, ಡಬ್ಬಿ ಬಿಸಿ ಇರುವಾಗಲೇ ಮುಟ್ಟಿಸುತ್ತಾನೆ.

ಇನ್ನು ನೀನು ಕಳಿಸಿದ ಬಣ್ಣದ ಹಾಳೆ. "ಅರ್ಥಶಾಸ್ತ್ರ ಪದವೀಧರರಿಗೆ ಉದ್ಯೋಗಾವಕಾಶಗಳು." ನಾಲ್ಕನೇ ಇಯತ್ತೆ ಓದಿದವಳಿಗೆ ಅದನ್ನು ಓದಲು ಎರಡು ಸಂಜೆ ಹಿಡಿಯಿತು. ನಗಲು ಅಷ್ಟು ಹೊತ್ತು ಹಿಡಿಯಲಿಲ್ಲ.

ಬ್ಯಾಂಕಿನ ಅಧಿಕಾರಿ ಆಗಬಹುದಂತೆ. ಇಲ್ಲಿಯ ಬ್ಯಾಂಕಿನಲ್ಲಿ ಒಬ್ಬ ಅಧಿಕಾರಿ ಇದ್ದಾನೆ. ಯಾವ ಸೀಮೆಯವನೋ, ಕನ್ನಡ ಬರುವುದಿಲ್ಲ. ಹೋದಾಗಲೆಲ್ಲ ಮೇಲೆ ಫ್ಯಾನಿನ ಕಡೆ ಕೈ ತೋರಿಸಿ "ಸರ್ವರ್ ಡೌನ್" ಎನ್ನುತ್ತಾನೆ. ಇಷ್ಟು ಹೇಳಲು ಮೂರು ವರ್ಷ ಕಾಲೇಜು ಬೇಕೇ?

ಉಪನ್ಯಾಸಕಿ ಆಗಬಹುದಂತೆ. ನಮ್ಮ ಓಣಿಯ ವಿಶ್ವರಾಧ್ಯನನ್ನು ನೋಡಿದ್ದೀಯಲ್ಲ. ಅವನದೂ ಅರ್ಥಶಾಸ್ತ್ರವೇ, ಎಂ.ಎ.ಯಲ್ಲಿ ಚಿನ್ನದ ಪದಕ. ಅತಿಥಿ ಉಪನ್ಯಾಸಕ. ಅತಿಥಿ ಎಂದ ಮೇಲೆ ಹೊರಡು ಎಂದಾಗ ಹೊರಡಬೇಕು. ಕಾಲೇಜಿಗೆ ರಜೆ ಬಂತೆಂದರೆ ಗೋಗಿಗೆ ಆಟೋ ಓಡಿಸುತ್ತಾನೆ. ಪದಕ ಅವನ ತಾಯಿಯ ಟ್ರಂಕಿನಲ್ಲಿದೆ.

ದೊಡ್ಡ ಪರೀಕ್ಷೆ ಬರೆದು ಸಾಹೇಬರಾಗಬಹುದಂತೆ. ಆ ಪರೀಕ್ಷೆಗೆ ಧಾರವಾಡದಲ್ಲಿ ಕುಳಿತ ನಮ್ಮ ಹುಡುಗರಿಗೆ ತಲೆಗೂದಲು ಉದುರಿ ಗಡ್ಡ ಮಾತ್ರ ಉಳಿದಿದೆ.

ಸಂಶೋಧನೆ ಮಾಡಬಹುದಂತೆ. ಹೋದ ವರ್ಷ ಅಂಥವಳೊಬ್ಬಳು ನಮ್ಮ ಅಂಗಳಕ್ಕೆ ಬಂದಿದ್ದಳು. ಖಾನಾವಳಿಗಳಿಗೆ ರೊಟ್ಟಿ ಬಡಿಯುವ ಹೆಂಗಸರ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತು, "ನೀವು ವಾರಕ್ಕೆ ಎಷ್ಟು ಸಲ ಕಾಯಿಪಲ್ಲೆ ತಿಂತೀರಿ?" ಎಂದು ಕೇಳಿದಳು. ಮಸ್ತಾನಬಿ ಬಾಯಿಗೆ ಬಂದದ್ದು ಹೇಳಿದಳು, ನಾನು ಅದಕ್ಕಿಂತ ದೊಡ್ಡದು ಹೇಳಿದೆ. ಎಲ್ಲವನ್ನೂ ಬರೆದುಕೊಂಡು, ನಮ್ಮದೇ ಮಜ್ಜಿಗೆ ಕುಡಿದು ಹೋದಳು. ಈಗ ಎಲ್ಲೋ ಡಾಕ್ಟರೇಟ್ ಆಗಿರಬೇಕು.

ಇದಕ್ಕಾಗಿ ನೀನು ಬಿ.ಎ. ಆದ ಮೇಲೆ ಎಂ.ಎ.ಗೆ ಕಲಬುರಗಿಗೆ ಹೋಗುತ್ತೀಯಾ? ನಿನ್ನ ಮದುವೆ ಮುಂದಿನ ಬೇಸಿಗೆಗೆ ನಿಂತಿದೆ. ನೀನು ತೊಟ್ಟಿಲಲ್ಲಿದ್ದಾಗ ನಿನ್ನ ಅಪ್ಪ ನನ್ನ ಮಡಿಲಿಗೆ ಅಡಕೆ ಹಾಕಿ, "ಅಕ್ಕಾ, ಈಕಿ ನಿನ್ನ ಸಂಗಮಗ" ಎಂದವನು. ಸೋದರತ್ತೆಯ ಹಕ್ಕು ಅದು. ನೆನಪಿರಲಿ.

ಡಬ್ಬಿ ತೊಳೆದು ಕಳಿಸು.

ನಿನ್ನ ಅತ್ತಿ,
ದೇವಕ್ಕ


ಯಾದಗಿರಿ
19 ಆಗಸ್ಟ್ 2024

ಪೂಜ್ಯ ಅತ್ತಿಯವರಿಗೆ ನಾಗರತ್ನಾಳ ನಮಸ್ಕಾರಗಳು.

ನಿಮ್ಮ ಪತ್ರವನ್ನು ನನ್ನ ಜೊತೆ ಇರುವ ತಿಂಥಣಿಯ ಮೌನೇಶ್ವರಿಗೂ ಓದಿ ಹೇಳಿದೆ. ನಕ್ಕು ನಕ್ಕು ಅವಳಿಗೆ ಪುಂಡಿಪಲ್ಯ ನೆತ್ತಿಗೆ ಹತ್ತಿತು. "ನಿಮ್ಮತ್ತಿ ನಮ್ಮ ಕಾಲೇಜಿಗೆ ಬಂದು ಒಂದು ಭಾಷಣ ಮಾಡ್ಲಿ" ಎನ್ನುತ್ತಾಳೆ.

ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಬಣ್ಣದ ಹಾಳೆ ಹೇಳುವಷ್ಟು ನೌಕರಿ ಯಾರಿಗೂ ಕಾದು ಕುಳಿತಿಲ್ಲ. ಆದರೆ ಅತ್ತಿ, ನನಗೆ ಈ ವಿಷಯ ಹಿಡಿಸಿದ್ದು ಆ ಹಾಳೆಯಿಂದಲ್ಲ. ನಮ್ಮ ಊರು ಗೋಗಿಯಲ್ಲಿ ಒಂದು ವರ್ಷ ಮೆಣಸಿನಕಾಯಿಗೆ ದರ ಬಂದರೆ ಮರುವರ್ಷ ಊರಿಗೆ ಊರೇ ಮೆಣಸಿನಕಾಯಿ ಹಾಕುತ್ತದೆ. ದರ ಬೀಳುತ್ತದೆ. ಬಿದ್ದಿತೆಂದು ಎಲ್ಲರೂ ಬಿಡುತ್ತಾರೆ, ಆಗ ಏರುತ್ತದೆ. ಅಪ್ಪ ಇದನ್ನು ಹಣೆಬರಹ ಎನ್ನುತ್ತಾರೆ. ನಮ್ಮ ಪುಸ್ತಕದಲ್ಲಿ ಇದಕ್ಕೊಂದು ಚಿತ್ರವಿದೆ, ಜೇಡರ ಬಲೆಯ ಹಾಗೆ ಸುತ್ತಿ ಸುತ್ತಿ ಬರೆದದ್ದು. ಅದನ್ನು ನೋಡಿದ ದಿನ ನಾನು ಕ್ಲಾಸಿನಲ್ಲಿ ಮೈಮರೆತು ಕುಳಿತಿದ್ದೆ. ಅಪ್ಪನ ಹಣೆಬರಹವನ್ನು ಯಾರೋ ಕಾಣದ ಊರಿನವರು ಗೆರೆ ಎಳೆದು ತೋರಿಸಿದಂತಾಯಿತು.

ಇನ್ನೊಂದು ಮಾತು ಕಲಿತೆ. ಅವಕಾಶ ವೆಚ್ಚ ಎನ್ನುತ್ತಾರೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದು ಇರುತ್ತದಲ್ಲ, ಅದೇ ಆರಿಸಿದ್ದರ ನಿಜವಾದ ಬೆಲೆ. ಕಿಸೆಯಿಂದ ಒಂದು ಪೈಸೆ ಹೋಗದಿದ್ದರೂ ಅದು ಬೆಲೆಯೇ.

ಮದುವೆ ಬೇಡ ಎನ್ನುತ್ತಿಲ್ಲ. ಎರಡು ವರ್ಷ ತಡೆಯಿರಿ ಎನ್ನುತ್ತಿದ್ದೇನೆ. ಅಪ್ಪ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಮೀರುವುದಿಲ್ಲ. ನೀವು ಒಂದು ಮಾತು ಹೇಳಿದರೆ ಸಾಕು.

ಡಬ್ಬಿ ತೊಳೆದಿದ್ದೇನೆ. ಬೂದಿ ಸಿಗಲಿಲ್ಲ, ಸಾಬೂನು ಹಚ್ಚಿದೆ.

ನಿಮ್ಮ
ನಾಗರತ್ನಾ


ಶಹಾಪುರ
2 ಸೆಪ್ಟೆಂಬರ್ 2024

ನಾಗರತ್ನಾ,

ಡಬ್ಬಿ ಸಾಬೂನು ನಾರುತ್ತಿತ್ತು.

ಜೇಡರ ಬಲೆಯ ಚಿತ್ರ ನೋಡಿದೆಯಂತೆ. ನೋಡಿದ ಮೇಲೆ ದರ ಏರಿತೇ? ನಿನ್ನ ಅಪ್ಪ ಮೆಣಸಿನಕಾಯಿ ಬಿಟ್ಟನೇ? ಅವನು ಈ ವರ್ಷವೂ ಅದನ್ನೇ ಹಾಕಿದ್ದಾನೆ. ಬಲೆಯ ಚಿತ್ರ ಬರೆದವನಿಗೆ ಸಂಬಳ ಬಂದಿರುತ್ತದೆ, ಬಲೆಯಲ್ಲಿ ಕುಳಿತವನಿಗೆ ಏನೂ ಇಲ್ಲ. ಇದು ನಿನ್ನ ಶಾಸ್ತ್ರ.

ಆರಿಸಿದ್ದಕ್ಕೂ ಬಿಟ್ಟದ್ದಕ್ಕೂ ಒಂದು ಹೆಸರಿಟ್ಟಿದ್ದಾರೆ ಎಂದು ಹಿಗ್ಗಿದ್ದೀ. ಆರಿಸಿಕೊಳ್ಳಲು ಯಾರಾದರೂ ಕೇಳಿದರೆ ತಾನೇ ಆ ಮಾತು? ನನ್ನನ್ನು ನಾಲ್ಕನೇ ಇಯತ್ತೆಗೆ ಬಿಡಿಸಿದಾಗ ಯಾರೂ ಕೇಳಲಿಲ್ಲ. ನಿನ್ನ ಅಪ್ಪ ಆಗ ಕೂಸು. ಅವ್ವ ಹೊಲಕ್ಕೆ ಹೋಗುವವಳು, ಎತ್ತಿಕೊಳ್ಳಲು ಒಂದು ಸೊಂಟ ಬೇಕಾಗಿತ್ತು. ನನ್ನ ಪಾಟಿಚೀಲ ಗೂಟಕ್ಕೆ ನೇತುಹಾಕಿದರು, ಅವನನ್ನು ನನ್ನ ಸೊಂಟಕ್ಕೆ ಏರಿಸಿದರು. ಹಾಗೆ ಎತ್ತಿ ಬೆಳೆಸಿದವನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೇ ಫೇಲಾದ. ಬರೆದುಕೊ, ನಿಮ್ಮ ಮೇಷ್ಟ್ರಿಗೆ ಉದಾಹರಣೆ ಬೇಕಾದೀತು.

ನಿನ್ನ ಅಪ್ಪನಿಗೆ ನಾನು ಯಾವ ಮಾತೂ ಹೇಳುವುದಿಲ್ಲ.

ಈ ಸಲ ಬದನೆಕಾಯಿ ಎಣ್ಣೆಗಾಯಿ ಇದೆ. ಆ ತಿಂಥಣಿಯ ಹುಡುಗಿಗೆ ನಗುತ್ತ ಉಣ್ಣಬೇಡ ಎಂದು ಹೇಳು. ಡಬ್ಬಿ ಬೂದಿಯಲ್ಲೇ ತೊಳೆ. ಬೂದಿ ಪೊಟ್ಟಣ ಕಟ್ಟಿ ಇಟ್ಟಿದ್ದೇನೆ.

ದೇವಕ್ಕ


ಯಾದಗಿರಿ
11 ನವೆಂಬರ್ 2024

ಪೂಜ್ಯ ಅತ್ತಿ,

ದೀಪಾವಳಿಗೆ ಬಂದಾಗ ನಿಮ್ಮ ಜೊತೆ ಕುಳಿತು ಮಾತಾಡಲು ಆಗಲಿಲ್ಲ. ಮದುವೆಗಳ ರೊಟ್ಟಿಯ ಗಡಿಬಿಡಿಯಲ್ಲಿ ನೀವು ತಲೆ ಎತ್ತಲಿಲ್ಲ. ಆದರೆ ನಾನು ನೋಡುತ್ತ ಕುಳಿತಿದ್ದೆ.

ನಮ್ಮ ಸರ್ ಎಲ್ಲರಿಗೂ ಒಂದೊಂದು ಅಭ್ಯಾಸ ಕೊಟ್ಟಿದ್ದರು. ಮನೆಯ ಒಂದು ಕೆಲಸ ತೆಗೆದುಕೊಂಡು ಅದರ ಅವಕಾಶ ವೆಚ್ಚ ಬರೆಯಬೇಕು. ನಾನು ನಮ್ಮ ಬುತ್ತಿಯನ್ನೇ ತೆಗೆದುಕೊಂಡೆ. ನೀವು ದಿನಾ ಬೆಳಕು ಹರಿಯುವ ಮೊದಲು ಎದ್ದು ನನ್ನ ರೊಟ್ಟಿ ಬಡಿಯುತ್ತೀರಿ, ಪಲ್ಯ ಮಾಡುತ್ತೀರಿ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತೀರಿ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಡಬ್ಬಿ ಇಡಲು ಜಾಗ ಹಿಡಿಯುವುದೇ ಒಂದು ಯುದ್ಧ. ಅಷ್ಟು ಹೊತ್ತಿನಲ್ಲಿ ನೀವು ಖಾನಾವಳಿಯವರಿಗೆ ಕೊಡುವ ರೊಟ್ಟಿಯನ್ನೇ ಮಾಡಬಹುದು. ಇಲ್ಲಿ ಮೆಸ್ಸಿನ ಊಟ ಅದಕ್ಕಿಂತ ಬಹಳ ಕಡಿಮೆಗೆ ಬೀಳುತ್ತದೆ. ಹೇಗೆ ನೋಡಿದರೂ ಬುತ್ತಿ ನಿಮಗೆ ನಷ್ಟ.

ಸರ್ ಇದನ್ನು ಕ್ಲಾಸಿನಲ್ಲಿ ಓದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬರೀ ಓದಿಸಿಕೊಳ್ಳಲು ಬರೆದವಳಲ್ಲ ಅತ್ತಿ. ಇನ್ನು ಬುತ್ತಿ ಕಳಿಸಬೇಡಿ, ನಾನು ಮೆಸ್ಸಿಗೆ ಹೋಗುತ್ತೇನೆ. ನಿಮ್ಮ ಮೊಣಕಾಲು ನೋವಿಗೂ ಸ್ವಲ್ಪ ಆರಾಮ ಸಿಗುತ್ತದೆ.

ನಿಮ್ಮ
ನಾಗರತ್ನಾ


ಶಹಾಪುರ
13 ನವೆಂಬರ್ 2024

ನಾಗರತ್ನಾ,

ಇವತ್ತಿನ ಡಬ್ಬಿಯಲ್ಲಿ ರೊಟ್ಟಿ ಇಲ್ಲ. ಲಾಭ ಇದೆ. ಉಣ್ಣು.

ದೇವಕ್ಕ


ಯಾದಗಿರಿ
9 ಡಿಸೆಂಬರ್ 2024

ಪೂಜ್ಯ ಅತ್ತಿ,

ದಿನಾ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನ ಮುಂದೆಯೇ ಕಾಲೇಜಿಗೆ ಹೋಗಬೇಕು. ತೌಫೀಕ್ ಅಣ್ಣ ನನ್ನನ್ನು ಕಂಡರೆ ಟಿಕೆಟ್ ಮಷೀನು ನೋಡುತ್ತ ನಿಲ್ಲುತ್ತಾನೆ. ಮೊನ್ನೆ ಮಾತ್ರ ಕರೆದು, "ಅಕ್ಕಾರ, ಡಬ್ಬಿ ಯಾಕ ಬಂದ್ ಆತ್ರಿ? ನಿಮ್ಮತ್ತಿ ಆರಾಮ್ ಅದಾರಲ್ಲ?" ಎಂದು ಕೇಳಿದ. ನಾನೇ ಬೇಡ ಅಂದೆ ಎಂದೆ. "ಅದ್ಯಾಕ್ರಿ?" ಎಂದ. ಅದನ್ನು ವಿವರಿಸಲು ನನಗೆ ಬರಲಿಲ್ಲ. ಕ್ಲಾಸಿನಲ್ಲಿ ಬಂದಿತ್ತು.

ಮೆಸ್ಸಿನ ಚಪಾತಿಯ ಬಗ್ಗೆ ಬರೆಯುವುದಿಲ್ಲ, ನಿಮಗೆ ಖುಷಿಯಾದೀತು.

ನನ್ನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ಬುತ್ತಿ ನಿಂತರೆ ನಿಮ್ಮ ಕಾಗದವೂ ನಿಲ್ಲುತ್ತದೆ ಎಂದು ನಾನು ಎಣಿಸಿರಲಿಲ್ಲ. ಸರ್‌ಗೆ ಹೇಳಿದೆ. "ಅಂಥಾವೆಲ್ಲ ಸೇರಿಸಾಕ ಬರೂದಿಲ್ಲಮ್ಮ" ಎಂದರು. ಹಾಗಾದರೆ ಅಂಥ ಕಡೆ ಶಾಸ್ತ್ರ ಬಾಯಿ ಮುಚ್ಚಿಕೊಂಡಿರಬೇಕು, ಅಲ್ಲವೇ ಅತ್ತಿ?

ತಪ್ಪಾಯಿತು.

ನಿಮ್ಮ
ನಾಗರತ್ನಾ


ಶಹಾಪುರ
11 ಡಿಸೆಂಬರ್ 2024

ನಾಗರತ್ನಾ,

ತಪ್ಪಾಯಿತು ಎನ್ನಲು ಒಂದು ಹಾಳೆ ಖರ್ಚು ಮಾಡಿದ್ದೀ. ಎರಡು ಮಾತಿನಲ್ಲಿ ಆಗುವುದನ್ನು ಹಿಂಜುವುದನ್ನೂ ಅದೇ ಕಾಲೇಜಿನಲ್ಲಿ ಕಲಿಸುತ್ತಾರೇನು?

ಕಡಕ್ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಮೊಸರು. ಮೊಸರಿನ ಡಬ್ಬಿ ಅಲುಗಾಡಿಸಬೇಡ ಎಂದು ತೌಫೀಕನಿಗೆ ಹೇಳಿದ್ದೇನೆ. ಅವನೂ ಬಹಳ ಶಾಣ್ಯಾ ಆಗಿದ್ದಾನೆ, "ಜಗಳ ಮುಗೀತ್ರಿ ಯವ್ವಾ?" ಎಂದು ಕೇಳಿದ. "ನಿನ್ನ ಬಸ್ಸು ಬಿಡು" ಎಂದೆ.

ತೊಳೆದು ಕಳಿಸು.

ದೇವಕ್ಕ


ಯಾದಗಿರಿ
20 ಜನವರಿ 2025

ಪೂಜ್ಯ ಅತ್ತಿ,

ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕೈದು ದಿನ ಯೋಚಿಸಿದೆ. ಹೆಸರು ಹಿಡಿದು ಬರೆಯುವುದು ಸರಿಯಲ್ಲ, ಅದಕ್ಕೇ ನಿಮ್ಮ ಮಗ ಎಂದೇ ಬರೆಯುತ್ತೇನೆ.

ನಿಮ್ಮ ಮಗ ಸಂಕ್ರಾಂತಿಯ ಮರುದಿನ ಕಾಲೇಜಿನ ಗೇಟಿಗೆ ಬಂದಿದ್ದರು. ಜೊತೆಗೆ ಬೈಕುಗಳ ಮೇಲೆ ಗೆಳೆಯರಿದ್ದರು. "ಎಂ.ಎ. ಮಾಡ್ತೀನಿ ಅಂದ್ಯಂತ?" ಎಂದು ಕೇಳಿದರು. ಹೌದು ಎಂದೆ. "ಬಿ.ಎ. ಸಾಕು. ಅದಕ್ಕೂ ಹೆಚ್ಚು ಕಲ್ತ ಹೆಣ್ಣಮಕ್ಕಳಿಗೆ ಮಂದಿ ವೋಟ್ ಹಾಕಾಂಗಿಲ್ಲ" ಎಂದರು. ವೋಟು ಯಾಕೆ ಬಂತು ಎಂದು ನನಗೆ ತಿಳಿಯಲಿಲ್ಲ. ಗೆಳೆಯರು ನಕ್ಕರು. ಆಮೇಲೆ ಗೇಟಿನ ಪಕ್ಕದ ಗೋಡೆಗೆ ನಿಲ್ಲಿಸಿ ಫೋನಿನಲ್ಲಿ ನನ್ನ ಫೋಟೊ ತೆಗೆದುಕೊಂಡರು. ಯಾಕೆ ಎಂದರೆ, "ಬೇಕಾಗ್ತದ" ಎಂದರು.

ಕೆಟ್ಟ ಮಾತು ಏನೂ ಆಡಲಿಲ್ಲ. ನೀರಿನ ಬಾಟಲಿ ಕೊಡಿಸಿದರು. ಆದರೆ ನಾನು ಏನು ಓದುತ್ತಿದ್ದೇನೆ ಎಂದು ಒಂದು ಸಲವೂ ಕೇಳಲಿಲ್ಲ, ಅತ್ತಿ. ನೀವು ಬೈಯುವುದಕ್ಕಾದರೂ ಆ ಹಾಳೆಯನ್ನು ಎರಡು ಸಂಜೆ ಕುಳಿತು ಓದಿದಿರಿ.

ನಿಮ್ಮ
ನಾಗರತ್ನಾ


ಶಹಾಪುರ
3 ಫೆಬ್ರವರಿ 2025

ನಾಗರತ್ನಾ,

ಗಂಡಾಗುವವನು ಬಂದು ಮಾತಾಡಿಸಿದ, ನೀರು ಕೊಡಿಸಿದ, ಫೋಟೊ ತೆಗೆದ. ಇದರಲ್ಲಿ ಅಳುವಂಥದ್ದು ಏನಿದೆ? ಅವನು ನಿನ್ನ ಪಾಠ ಕೇಳಬೇಕಾಗಿತ್ತೇ? ಅವನಿಗೆ ಮನೆಯಲ್ಲಿ ಜೋಳ ಎಲ್ಲಿಟ್ಟಿದೆ ಎಂದೇ ಗೊತ್ತಿಲ್ಲ. ರೊಟ್ಟಿ ಖಾನಾವಳಿಗೆ ಮುಟ್ಟಿಸಿ ಬಾ ಎಂದು ಗಾಡಿ ಕೊಡಿಸಿದರೆ, ಆ ಗಾಡಿಯ ಮೇಲೆ ಯಾರೋ ಲೀಡರನ ಹುಟ್ಟುಹಬ್ಬಕ್ಕೆ ಮೆರವಣಿಗೆ ಹೋಗುತ್ತಾನೆ. ಗಂಡಸರು ಹೀಗೇ. ನಾನು ಒಬ್ಬನ ಜೊತೆ ಬಾಳಿ ಒಬ್ಬನನ್ನು ಹೆತ್ತಿದ್ದೇನೆ, ನನಗೆ ಶಾಸ್ತ್ರ ಹೇಳಬೇಡ.

ಮದುವೆ ನಿನ್ನ ಪರೀಕ್ಷೆ ಮುಗಿದ ಮೇಲೆ. ಬೇಸಿಗೆ ದಾಟಿದರೂ ಚಿಂತೆಯಿಲ್ಲ, ಪರೀಕ್ಷೆ ಬರೆ. ಅಷ್ಟು ಬಿಟ್ಟಿದ್ದೇನೆ, ಇನ್ನು ಕೇಳಬೇಡ.

ಮಾತು ಮುರಿಯುವ ವಿಚಾರ ತಲೆಯಲ್ಲಿದ್ದರೆ ತೆಗೆದುಹಾಕು. ಸುರಪುರದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಆದದ್ದು ನೋಡಿದ್ದೀ. ಹುಡುಗಿಯ ಕಡೆಯವರು ಮಾತು ಮುರಿದರು. ಅವಳ ತಂಗಿಯರನ್ನು ಕೇಳಲು ಇವತ್ತಿಗೂ ಒಬ್ಬ ಆ ಹೊಸ್ತಿಲು ತುಳಿದಿಲ್ಲ. ಹುಡುಗನ ಕಡೆಯವರು ಮುರಿದರೆ ಮಾತು ಬೇರೆ. ಜನ ಹುಡುಗಿಗೆ ಅಯ್ಯೋ ಪಾಪ ಎನ್ನುತ್ತಾರೆ, ಹುಡುಗನ ತಾಯಿಗೆ ಉಗಿಯುತ್ತಾರೆ, ಎಲ್ಲವೂ ಮರೆತುಹೋಗುತ್ತದೆ. ಇದು ಯಾವ ಪುಸ್ತಕದ ನ್ಯಾಯವೂ ಅಲ್ಲ. ಆದರೆ ನಡೆಯುವುದು ಇದೇ. ನಿನ್ನ ಹಿಂದೆ ಉಮಾ ಇದ್ದಾಳೆ. ತಂಗಿಯ ಮುಖ ನೋಡಿ ಬಾಯಿ ಮುಚ್ಚು.

ಡಬ್ಬಿಯ ಹಿಡಿಕೆ ಸಡಿಲಾಗಿದೆ. ಜೋಪಾನ.

ದೇವಕ್ಕ


ಯಾದಗಿರಿ
17 ಮಾರ್ಚ್ 2025

ಪೂಜ್ಯ ಅತ್ತಿ,

ನೀವು ಹೇಳಿದ್ದು ಸರಿ. ಮಾತು ಮುರಿಯುವವಳು ನಾನಾಗುವುದಿಲ್ಲ. ಉಮಾ ಈ ಸಲ ಎಸ್ಸೆಸ್ಸೆಲ್ಸಿ ಬರೆಯುತ್ತಾಳೆ. ಅವಳಿಗೆ ವಿಜ್ಞಾನ ಬೇಕಂತೆ. ಅವಳ ದಾರಿಗೆ ನಾನು ಕಲ್ಲಾಗಬಾರದು.

ಎಂ.ಎ.ಗೆ ಹೋಗುವವರು ಹೆಸರು ಕೊಡಿ ಎಂದು ನಮ್ಮ ಸರ್ ಕೇಳಿದರು. ಮೌನೇಶ್ವರಿ ಕೊಟ್ಟಳು. ನನ್ನ ಕಡೆ ನೋಡಿದರು, ನಾನು ಕಿಟಕಿ ನೋಡಿದೆ.

ಇನ್ನು ಆ ಮಾತು ಎತ್ತುವುದಿಲ್ಲ. ಹಿಡಿಕೆಗೆ ತಂತಿ ಸುತ್ತಿಸಿದ್ದೇನೆ.

ನಾಗರತ್ನಾ


ಶಹಾಪುರ
2 ಏಪ್ರಿಲ್ 2025

ನಾಗರತ್ನಾ,

ಯುಗಾದಿಯ ಬೆಳಿಗ್ಗೆ ನಿನ್ನ ಡಬ್ಬಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹಬ್ಬಕ್ಕೆ ಊರಿಗೆ ಬರದೆ ಓದುತ್ತ ಕುಳಿತಿದ್ದೀ ಎಂದು ಹೋಳಿಗೆ ಇಟ್ಟಿದ್ದೆ. ತೌಫೀಕ್ ಡಬ್ಬಿ ಇಸಿದುಕೊಂಡು, "ಯವ್ವಾ, ಮ್ಯಾಲ ನೋಡ್ರಿ. ನಿಮ್ಮ ಸೊಸಿ ಬಂದಾಳ" ಎಂದ. ಎಲ್ಲಿ ಎಂದು ಸುತ್ತ ನೋಡಿದೆ. ಮೇಲೆ ಎಂದ.

ಕಂಬಕ್ಕೆ ಕಟ್ಟಿದ ಬ್ಯಾನರು. ನನ್ನ ಮಗ ಆಳೆತ್ತರ ನಿಂತಿದ್ದಾನೆ. ಕೈ ಮುಗಿದಿದ್ದಾನೆ, ಕಪ್ಪು ಕನ್ನಡಕ ಹಾಕಿದ್ದಾನೆ. ಮೂಲೆಯಲ್ಲಿ ಒಂದು ಗುಂಡಗಿನ ಚಕ್ರದೊಳಗೆ, ಕುಂಕುಮದ ಭರಣಿಯ ಮುಚ್ಚಳದಷ್ಟು, ನೀನು. ಕೆಳಗೆ ಬರೆದಿದೆ: "ಸಮಸ್ತ ಜನತೆಗೆ ಯುಗಾದಿಯ ಶುಭಾಶಯಗಳು. ನಾಗರತ್ನಾ ಸಂಗಮನಾಥ, ಬಿ.ಎ. ಅರ್ಥಶಾಸ್ತ್ರ, ಭಾವಿ ನಗರಸಭಾ ಸದಸ್ಯರು." ನಾಲ್ಕನೇ ಇಯತ್ತೆಯವಳು ನಾನು, ಆದರೆ ಇದನ್ನು ಓದಲು ಎರಡು ಸಂಜೆ ಹಿಡಿಯಲಿಲ್ಲ. ತಾಳಿ ಕಟ್ಟಿಲ್ಲ, ಪರೀಕ್ಷೆ ಮುಗಿದಿಲ್ಲ. ಆಗಲೇ ಅವನ ಹೆಸರಿನ ಬಾಲ, ಆಗಲೇ ಬಿ.ಎ.

ಮನೆಗೆ ಬಂದು ಎಬ್ಬಿಸಿದೆ.

"ಏನೋ ಅದು ಬಸ್ ಸ್ಟ್ಯಾಂಡಿನ್ಯಾಗ?"

"ನಮ್ಮ ವಾರ್ಡು ಹೆಣ್ಣಮಕ್ಕಳಿಗೆ ಬರ್ತದಂತ ಬೇ. ನಿನ್ನ ಸೊಸಿನ ಮೆಂಬರ್ ಮಾಡಾಕತ್ತೀನಿ. ಓದಿದ ಹೆಂಡ್ತಿ ಅಂದ್ರ ಪಾರ್ಟಿಯೊಳಗ ವಜನ್ ಇರ್ತದ."

"ಆಕಿನ್ನ ಕೇಳಿದ್ಯೇನು?"

"ಆಕಿನ್ನೇನು ಕೇಳೂದದ? ಸಹಿ ಆಕಿ ಮಾಡ್ತಾಳ. ಉಳಿದಿದ್ದು ನಾ ನೋಡ್ಕೋತೀನಿ."

"ಮತ್ತ ಆಕಿ ಕಲ್ತ ಅರ್ಥಶಾಸ್ತ್ರ?"

ನನ್ನ ಮುಖ ನೋಡಿದ. ನಿಜವಾಗಿಯೂ ಅರ್ಥವಾಗದೆ ನೋಡಿದ. "ಬ್ಯಾನರಿನ್ಯಾಗ ಹಾಕೀನಲ್ಲ" ಎಂದ.

ನಿನ್ನ ಬಣ್ಣದ ಹಾಳೆಯಲ್ಲಿ ಈ ಉದ್ಯೋಗ ಬರೆದಿರಲಿಲ್ಲ. ಮೇಷ್ಟ್ರಿಗೆ ಹೇಳಿ ಸೇರಿಸು. ಅರ್ಥಶಾಸ್ತ್ರ ಓದಿದವಳು ಕಂಬದ ಮೇಲೆ ನೇತಾಡಬಹುದು.

ಬ್ಯಾನರು ಈಗ ನಮ್ಮ ಅಂಗಳದಲ್ಲಿದೆ. ರೊಟ್ಟಿ ಬಡಿಯಲು ಬರುವ ಮಕ್ತುಂಬಿ ಮತ್ತು ಮಸ್ತಾನಬಿ ಏಣಿ ಹಿಡಿದರು, ನಾನು ಬಿಚ್ಚಿಸಿದೆ. ಗಟ್ಟಿ ಮಾಲು, ಸುಮ್ಮನೆ ಎಸೆಯುವಂಥದ್ದಲ್ಲ. ನಿನ್ನ ಚಿತ್ರ ಇದ್ದ ಮೂಲೆಯನ್ನು ಕತ್ತರಿಸಿ ತೆಗೆದೆ. ಉಳಿದದ್ದರ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದೇನೆ. ಅವನ ಮುಖದ ಮೇಲೆ ಚೆನ್ನಾಗಿ ಒಣಗುತ್ತಿದೆ.

ಹೋಳಿಗೆ ಮುಟ್ಟಿತೋ ಇಲ್ಲವೋ ಬರೆ. ಪರೀಕ್ಷೆಯ ತನಕ ಬೇರೆ ಏನೂ ಬರೆಯಬೇಡ.

ದೇವಕ್ಕ


ಶಹಾಪುರ
30 ಜೂನ್ 2025

ತಮ್ಮ ಚನ್ನಯ್ಯನಿಗೆ,

ನಿನ್ನ ಹಿರಿಮಗಳ ಪರೀಕ್ಷೆ ಮುಗಿಯಿತು. ಮುಹೂರ್ತ ಕೇಳಲು ನೀನು ಬರುತ್ತೀ ಎಂದು ಗೊತ್ತು. ಬರಬೇಡ. ನಿನ್ನ ಮಗಳು ನನ್ನ ಮನೆಗೆ ಬೇಡ.

ಯಾಕೆ ಎಂದು ಕೇಳುವವರಿಗೆ ಹೇಳಲು ಬರೆಯುತ್ತಿದ್ದೇನೆ. ಓದಿ ಓದಿ ಅವಳ ತಲೆ ತಿರುಗಿದೆ. ದೊಡ್ಡವರು ಒಂದು ಅಂದರೆ ಅವಳು ಒಂದು ಹಾಳೆ ಅನ್ನುತ್ತಾಳೆ. ರೊಟ್ಟಿ ಬಡಿಯಲು ಬರುವುದಿಲ್ಲ. ಡಬ್ಬಿ ತೊಳೆಯಲು ಬರುವುದಿಲ್ಲ. ನಾನು ಕಟ್ಟಿ ಕಳಿಸಿದ ಬುತ್ತಿಗೆ ದರ ಕಟ್ಟಿದವಳು, ನಾಳೆ ಮುದುಕಿಯಾದ ನನಗೂ ದರ ಕಟ್ಟುತ್ತಾಳೆ. ಅಂಥ ಸೊಸೆಯನ್ನು ತಂದುಕೊಂಡು ನಾನು ಏನು ಮಾಡಲಿ? ಈ ಸೀಮೆಯಲ್ಲಿ ಅವಳನ್ನು ತಡೆಯುವ ಮನೆ ಇಲ್ಲ. ಕಲಬುರಗಿಗೆ ಅಟ್ಟು. ಅಲ್ಲಿ ಅಂಥವರದೇ ಒಂದು ದೊಡ್ಡ ಕಟ್ಟಡ ಇದೆಯಂತೆ, ಎಂ.ಎ.ನೋ ಏನೋ ಮಾಡಿಕೊಂಡು ಅಲ್ಲೇ ಬಿದ್ದಿರಲಿ.

ನೀನು ಅಡಕೆ ಹಾಕಿದ್ದು ನನ್ನ ಮಡಿಲಿಗೆ. ಮಡಿಲು ಕೊಡವಿಕೊಂಡವಳೂ ನಾನೇ. ಮಾತು ಮುರಿದದ್ದು ಹುಡುಗನ ಕಡೆಯಿಂದ. ಇದನ್ನು ಮಠದ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳು, ಗಟ್ಟಿಯಾಗಿ ಹೇಳು. ಯಾರಾದರೂ ನಂಬದಿದ್ದರೆ ಈ ಕಾಗದ ತೋರಿಸು. ನಾಳೆ ಉಮಾಳನ್ನು ಕೇಳಲು ಬಂದವರಿಗೂ ತೋರಿಸು. ಹರಿಯಬೇಡ, ಪೆಟ್ಟಿಗೆಯಲ್ಲಿಡು.

ಸಂಗಮನಾಥ ಮೂರು ದಿನ ಕೂಗಾಡಿದ. ನಿನಗೂ ಫೋನ್ ಮಾಡುತ್ತಾನೆ. ಎತ್ತಬೇಡ. ನೀನು ನಡೆಯಲು ಕಲಿಯುವ ತನಕ ನಿನ್ನನ್ನು ಹೊತ್ತ ಸೊಂಟ ಇದು. ಅದರ ಬದಲಿಗೆ ನಿನ್ನಿಂದ ನಾನು ಯಾವತ್ತೂ ಏನೂ ಕೇಳಿದವಳಲ್ಲ. ಈ ಒಂದು ಮಾತಿಗೆ ಅಡ್ಡ ಬರಬೇಡ.

ನಿನ್ನ ಅಕ್ಕ,
ದೇವಕ್ಕ


ಗೋಗಿ
7 ಜುಲೈ 2025

ಪೂಜ್ಯ ಅತ್ತಿಯವರಿಗೆ,

ಅಪ್ಪ ನಿಮ್ಮ ಕಾಗದವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಮೊದಲು ನಿಮ್ಮನ್ನು ಬೈದರು. ಆಮೇಲೆ ಸೊಂಟದ ಮಾತು ಬಂದಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡು ಹೊಲಕ್ಕೆ ಹೋದರು. ಮರುದಿನ ಕಟ್ಟೆಯ ಮೇಲೆ ನೀವು ಹೇಳಿದಂತೆಯೇ ಹೇಳಿದ್ದಾರೆ. ಊರಿನ ಹೆಂಗಸರು ಮನೆಗೆ ಬಂದು ನನ್ನ ಗದ್ದ ಹಿಡಿದು ಪಾಪ ಎನ್ನುತ್ತಾರೆ. ನಿಮ್ಮನ್ನು ಏನೇನು ಅನ್ನುತ್ತಾರೆ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. "ಆ ದೇವಕ್ಕನ ಬಾಯಾಗ ಮಣ್ಣು ಬೀಳ್ಲಿ" ಎನ್ನುವವರ ಮುಂದೆ ನಾನು ತಲೆ ತಗ್ಗಿಸಿ ಕುಳಿತುಕೊಳ್ಳಬೇಕು. ಎದ್ದು ಹೇಳಲು ಹೋದರೆ ನೀವು ಮಾಡಿದ್ದೆಲ್ಲ ಹಾಳಾಗುತ್ತದೆ ಎಂದು ಗೊತ್ತು.

ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಬರೆದಿದ್ದೀರಿ. ನನಗೆ ಕಲಿಸಿದವರು ನೀವೇ, ಅತ್ತಿ.

ಕಲಬುರಗಿಗೆ ಅರ್ಜಿ ಹಾಕಲು ಅಪ್ಪನೇ ನನ್ನನ್ನು ಯಾದಗಿರಿಗೆ ಕರೆದುಕೊಂಡು ಹೋದರು. ಮೌನೇಶ್ವರಿಯೂ ಬರುತ್ತಾಳೆ, ಒಂದೇ ಕೋಣೆ ಹಿಡಿಯುತ್ತೇವೆ.

ಡಬ್ಬಿಯನ್ನು ತೌಫೀಕ್ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೂದಿಯಲ್ಲಿ ತೊಳೆದಿದ್ದೇನೆ. ಇನ್ನು ಅದನ್ನು ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ, ನಾನು ನಿಮ್ಮ ಮನೆಗೆ ಬರುವವಳಲ್ಲ.

ನಾಗರತ್ನಾ


ಶಹಾಪುರ
8 ಸೆಪ್ಟೆಂಬರ್ 2025

ನಾಗರತ್ನಾ,

ಸೊಸೆ ಆಗುವವಳು ಎಂದು ಇಷ್ಟು ದಿನ ಉಣ್ಣಿಸಿದೆ ಎಂದುಕೊಂಡಿದ್ದರೆ, ನೀನು ಓದಿದ ಶಾಸ್ತ್ರ ದಂಡ. ಅಂಥದ್ದನ್ನೇ ಇನ್ನೂ ಎರಡು ವರ್ಷ ಓದುತ್ತೀಯಲ್ಲ, ನಿನಗೆ ಸೀಟು ಕೊಟ್ಟ ಸರ್ಕಾರಕ್ಕೆ ಬುದ್ಧಿ ಇಲ್ಲ.

ಉಗಿಯುವವರು ಉಗಿಯಲಿ. ರೊಟ್ಟಿ ಬೇಕಾದಾಗ ಇದೇ ಬಾಗಿಲಿಗೆ ಬರುತ್ತಾರೆ. ನಿನ್ನೆ ಗೋಗಿಯಿಂದಲೇ ಒಂದು ಮದುವೆಯವರು ಬಂದಿದ್ದರು. ರೊಟ್ಟಿ ಹೇಳಿ, ಹೋಗುವಾಗ ನನ್ನ ಮುಖ ನೋಡದೆ ಹೋದರು. ರೊಟ್ಟಿ ಮಾತ್ರ ತಟ್ಟಿ ನೋಡಿಕೊಂಡರು. ಸಂಗಮನಾಥ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆ ತಣ್ಣಗಿದೆ.

ಕಲಬುರಗಿಯ ಬಸ್ಸಿಗೆ ತೌಫೀಕ್ ಹೋಗುವುದಿಲ್ಲ. ಆ ದಾರಿಯ ಕಂಡಕ್ಟರನನ್ನು ಗುರುತು ಮಾಡಿಕೊಟ್ಟಿದ್ದಾನೆ. ಮುಖ ಗಂಟಿನವನು, ಆದರೆ ಡಬ್ಬಿಯನ್ನು ನೆಟ್ಟಗೆ ಹಿಡಿಯುತ್ತಾನೆ. ಬಸ್ಸು ಬಿಸಿಲೇರಿದ ಮೇಲೆ ಮುಟ್ಟುತ್ತದೆ, ಪಲ್ಯ ಹಳಸುತ್ತದೆ. ಅದಕ್ಕೇ ಕಡಕ್ ರೊಟ್ಟಿ ಮತ್ತು ಒಣ ಹಿಂಡಿ. ತಿಂಥಣಿಯವಳಿಗೂ ಸೇರಿಸಿ ಇಟ್ಟಿದ್ದೇನೆ. ಹಿಂಡಿಗೆ ಹಾಕಿದ್ದು ಆ ಬ್ಯಾನರಿನ ಮೇಲೆ ಒಣಗಿದ ಮೆಣಸಿನಕಾಯಿ. ಖಾರ ಇದೆ, ನೋಡಿ ಉಣ್ಣು.

ಡಬ್ಬಿ ತೊಳೆದು ಕಳಿಸು. ನಾಳೆಯ ಬಸ್ಸಿಗೆ ಬೇಕು.

ದೇವಕ್ಕ